ಕ್ರಿಸ್‌ಮಸ್‌ಗೆ ಕಡ್ಲೆಬೀಜದ ಕುಕೀಸ್: ನಕ್ಷತ್ರ ನಕ್ಷತ್ರವಾಗಿಯೇ ಉಳಿಯಬೇಕಾದರೆ ಯಾವುದನ್ನು ಆರಿಸಿಕೊಳ್ಳಬೇಕು?

ಕ್ರಿಸ್‌ಮಸ್ ಬಂದರೆ ನಮ್ಮ ಪಕ್ಕದ ಮನೆ ಆಂಟಿ ಒಂದು ಸ್ಟೀಲ್ ಡಬ್ಬಿ ತುಂಬ ಕಲ್‌ಕಲ್, ರೋಸ್ ಕುಕೀಸ್ ಹಾಕಿ, ಮೇಲೊಂದು ಪ್ಲಮ್ ಕೇಕಿನ ತುಂಡು ಇಟ್ಟು ಕಳಿಸುತ್ತಾರೆ. ಅವರು ಕೆಜಿಎಫ್‌ನವರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಗನ ಕೆಲಸದ ಹಿಂದೆ ತುಮಕೂರಿಗೆ ಬಂದವರು. ಡಬ್ಬಿಯನ್ನು ಖಾಲಿ ವಾಪಸ್ ಕೊಡಬಾರದು ಅಲ್ವಾ? ಮೊದಮೊದಲು ಚಕ್ಕುಲಿ ಹಾಕಿ ಕೊಡುತ್ತಿದ್ದೆ. ಐದು ವರ್ಷದ ಹಿಂದೆ ಮಗಳು ಹಟ ಹಿಡಿದಳು. ಅವರ ಹಬ್ಬಕ್ಕೆ ಅವರ ಹಬ್ಬದ ತಿಂಡಿಯೇ ಕೊಡಬೇಕಂತೆ. ಮನೆಯಲ್ಲಿ ಕಡ್ಲೆಬೀಜ ಇತ್ತು, ಹೊಸದಾಗಿ ತಂದ ಓಟಿಜಿ (ಕರೆಂಟಿನ ಚಿಕ್ಕ ಓವನ್) ಇತ್ತು. ಪೀನಟ್ ಬಟರ್, ಅಂದರೆ ನುಣ್ಣಗೆ ಅರೆದ ಕಡ್ಲೆಬೀಜದ ಪೇಸ್ಟ್, ಹಾಕಿ ಕುಕೀಸ್ ಹಿಟ್ಟು ಕಲಸಿ, ನಕ್ಷತ್ರದ ಅಚ್ಚಿನಲ್ಲಿ ಕತ್ತರಿಸಿ, ಓವನ್‌ಗೆ ತಳ್ಳಿದೆ.

ಹನ್ನೆರಡು ನಿಮಿಷದ ಮೇಲೆ ತೆಗೆದು ನೋಡಿದರೆ ನಕ್ಷತ್ರಗಳೆಲ್ಲ ದಾಸವಾಳದ ಹೂವಿನ ಹಾಗೆ ಅರಳಿಕೊಂಡಿದ್ದವು. ಎರಡು ಒಂದಕ್ಕೊಂದು ಅಂಟಿಕೊಂಡಿದ್ದವು. ಆದರೂ ಕೊಟ್ಟೆ. ಆಂಟಿ ಒಂದನ್ನು ಎತ್ತಿ, ತಿರುಗಿಸಿ ತಳ ನೋಡಿ, "ಏನಮ್ಮಾ, ಇದು ಸ್ಟಾರಾ, ನಿಪ್ಪಟ್ಟಾ?" ಅಂದರು. ನಗುತ್ತಲೇ ಕೇಳಿದ್ದು. ಆಮೇಲೆ ಎರಡು ತಿಂದರು ಕೂಡ.

ಅಲ್ಲಿಂದ ಪ್ರತಿ ಡಿಸೆಂಬರ್‌ನಲ್ಲೂ ಒಂದೊಂದನ್ನೇ ಬದಲಾಯಿಸಿ ನೋಡುತ್ತಾ ಬಂದಿದ್ದೇನೆ. ನಮ್ಮ ಕಡೆ ಅಡುಗೆಮನೆಯಲ್ಲಿ, ನಮಗೆ ಸಿಗುವ ಸಾಮಾನಿನಲ್ಲಿ ಯಾವುದು ನಡೆಯುತ್ತದೆ, ಯಾವುದು ಸುಮ್ನೆ ದುಡ್ಡು ದಂಡ ಅನ್ನುವುದು ಈಗ ಒಂದು ಮಟ್ಟಿಗೆ ಗೊತ್ತಾಗಿದೆ. ಅದನ್ನೇ ಬರೆಯುತ್ತಿದ್ದೇನೆ.

ಎಲ್ಲ ಗಲಾಟೆಗೂ ಮೂಲ ಒಂದೇ. ಎಣ್ಣೆ. ಕಡ್ಲೆಬೀಜದ ತೂಕದಲ್ಲಿ ಹತ್ತಿರ ಹತ್ತಿರ ಅರ್ಧ ಎಣ್ಣೆಯೇ. ಬೀಜದೊಳಗೆ ಇರುವಷ್ಟು ಹೊತ್ತು ಅದು ಸಭ್ಯವಾಗಿ ಕೂತಿರುತ್ತದೆ. ಅರೆದ ಮೇಲೆ ಬಿಡುಗಡೆಯಾಗುತ್ತದೆ. ಬಿಸಿ ತಾಗಿತೋ, ಹಿಟ್ಟು ಗಟ್ಟಿಯಾಗುವ ಮೊದಲೇ ಎಣ್ಣೆ ತೆಳ್ಳಗಾಗಿ ಅಂಚನ್ನು ಹೊರಕ್ಕೆ ತಳ್ಳುತ್ತದೆ. ನಕ್ಷತ್ರ ದಾಸವಾಳ ಆಗುವುದು ಹಾಗೆ. ಇನ್ನೊಂದು ಕಡೆ, ಎಣ್ಣೆ ಹೆಚ್ಚಾದಷ್ಟೂ ಹಿಟ್ಟು ಕೈಯಲ್ಲಿ ಹಿಡಿದುಕೊಳ್ಳದೆ ಉದುರುತ್ತದೆ. ಅದಕ್ಕೇ ಕೆಳಗಿನ ಪ್ರತಿ ಆಯ್ಕೆಯಲ್ಲೂ ನಾನು ಕೇಳುವುದು ಒಂದೇ ಪ್ರಶ್ನೆ. ಈ ಎಣ್ಣೆ ಎಲ್ಲಿಗೆ ಹೋಗುತ್ತದೆ?

ಮೊದಲು, ಅಚ್ಚೇ ಬೇಕಾ?

ಇದನ್ನು ಯಾರೂ ಕೇಳಿಕೊಳ್ಳುವುದಿಲ್ಲ. ನಾನೂ ಕೇಳಿಕೊಂಡಿರಲಿಲ್ಲ. ಪೀನಟ್ ಬಟರ್ ಹಿಟ್ಟಿಗೆ ನಿಜವಾಗಿ ಒಗ್ಗುವುದು ಉಂಡೆ ಕಟ್ಟಿ, ಫೋರ್ಕ್‌ನಿಂದ ಅಡ್ಡಡ್ಡ ಎರಡು ಸಲ ಒತ್ತಿ ಬೇಯಿಸುವ ಕ್ರಮ. ಅಮೆರಿಕದಲ್ಲಿ ಈ ಕುಕೀಸ್ ಎಂದರೆ ಫೋರ್ಕಿನ ಗೀಟು ಇರಲೇಬೇಕು. ಹಿಟ್ಟು ಗಟ್ಟಿ, ಒತ್ತದಿದ್ದರೆ ನಡುವೆ ಸರಿಯಾಗಿ ಬೇಯುವುದಿಲ್ಲ. ಕಡ್ಲೆಬೀಜದ ಕುಕೀಸ್ ಹೊಸದೇನೂ ಅಲ್ಲ. ಜಾರ್ಜ್ ವಾಷಿಂಗ್ಟನ್ ಕಾರ್ವರ್ 1916ರಲ್ಲಿ ರೈತರಿಗಾಗಿ ಕಡ್ಲೆಕಾಯಿಯ 105 ಅಡುಗೆ ಬರೆದುಕೊಟ್ಟಾಗಲೇ ಅದರಲ್ಲಿ ಕುಕೀಸ್ ಇದ್ದವು. ಅಚ್ಚಿನಲ್ಲಿ ಕತ್ತರಿಸಿ ಐಸಿಂಗ್ ಹಾಕುವುದು ಮಾತ್ರ ಬೆಣ್ಣೆ ಬಿಸ್ಕತ್ತಿನ ಜಾತಿಯ ಕೆಲಸ. ಎರಡನ್ನೂ ಕೂಡಿಸಿದರೆ ಒಂದಿಷ್ಟು ಜಗಳ ಇದ್ದದ್ದೇ.

ಹಾಗಾಗಿ ಮೊದಲ ಸಲ ಮಾಡುವವರಿಗೆ, ಅದರಲ್ಲೂ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡುವವರಿಗೆ ಒಂದು ಕಳ್ಳದಾರಿ ಹೇಳುತ್ತೇನೆ. ಹಿಟ್ಟಿಗೆ ಪೀನಟ್ ಬಟರ್ ಹಾಕಲೇಬೇಡಿ. ಸಾದಾ ಬೆಣ್ಣೆ ಬಿಸ್ಕತ್ತಿನ ಹಿಟ್ಟು ಕಲಸಿ, ತೆಳ್ಳಗೆ ಲಟ್ಟಿಸಿ, ನಕ್ಷತ್ರ ಕತ್ತರಿಸಿ ಬೇಯಿಸಿ. ಆರಿದ ಮೇಲೆ ಎರಡರ ನಡುವೆ ಪೀನಟ್ ಬಟರ್ ಸವರಿ ಜೋಡಿಸಿ. ಆಕಾರ ಚೂಪಾಗಿ ಬರುತ್ತದೆ, ಕಡ್ಲೆಬೀಜದ ರುಚಿಯೂ ಸಿಗುತ್ತದೆ. ನಷ್ಟ ಒಂದೇ. ಬೇಯುವಾಗ ಮನೆ ತುಂಬ ಹರಡುವ ಆ ಹುರಿದ ಕಡ್ಲೆಬೀಜದ ಘಮ ಸಿಗುವುದಿಲ್ಲ. ನನಗೆ ಆ ಘಮ ಬೇಕು. ಅದಕ್ಕೇ ಕಷ್ಟದ ದಾರಿ ಹಿಡಿದೆ.

ಬಾಟಲಿಯದೋ, ಮಿಕ್ಸಿಯದೋ

ಇಲ್ಲಿ ಜಾಸ್ತಿ ಹೊತ್ತು ನಿಲ್ಲುತ್ತೇನೆ. ಮುಕ್ಕಾಲು ಪಾಲು ಸೋಲು ಗೆಲುವು ಇಲ್ಲೇ ತೀರ್ಮಾನ ಆಗುವುದು.

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು, ಮುಚ್ಚಳ ತೆಗೆದರೆ ಮೇಲೆ ಎಣ್ಣೆ ನಿಂತಿರದೆ ಬೆಣ್ಣೆಯ ಹಾಗೆ ನಯವಾಗಿ ಇರುವುದು. ಇದರಲ್ಲಿ ಸಕ್ಕರೆ, ಉಪ್ಪು, ಜೊತೆಗೆ ಎಣ್ಣೆ ಬೇರೆಯಾಗದಂತೆ ತಡೆಯುವ ಗಟ್ಟಿ ಕೊಬ್ಬು ಸ್ವಲ್ಪ ಇರುತ್ತದೆ. ಇನ್ನೊಂದು, ನೂರಕ್ಕೆ ನೂರು ಕಡ್ಲೆಬೀಜ ಎಂದು ಬರೆದಿರುವುದು. ಮೇಲೆ ಒಂದು ಬೆರಳು ಎಣ್ಣೆ, ತಳದಲ್ಲಿ ಸಿಮೆಂಟಿನಂಥ ಗಟ್ಟಿ. ತಿನ್ನಲು ಎರಡನೆಯದು ಮೇಲು, ಅದರಲ್ಲಿ ಅನುಮಾನ ಇಲ್ಲ. ಅಚ್ಚಿನ ಕುಕೀಸ್‌ಗೆ ಮಾತ್ರ ಮೊದಲನೆಯದೇ ಸರಿ. ಆ ಗಟ್ಟಿ ಕೊಬ್ಬು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬೇಯುವಾಗಲೂ ಬೇಗ ಬಿಟ್ಟುಕೊಡುವುದಿಲ್ಲ. ಕ್ರಂಚಿ ಎಂದು ಬರೆದಿದ್ದರೆ ತರಲೇಬೇಡಿ. ಬೀಜದ ಚೂರು ಅಚ್ಚಿನ ಅಂಚಿಗೆ ಸಿಕ್ಕಿ ಹಿಟ್ಟನ್ನು ಹರಿಯುತ್ತದೆ.

ಮನೆಯಲ್ಲಿ ಅರೆಯುವುದು ಮೂರನೆಯದು. ನಮ್ಮ ಜಿಲ್ಲೆಯಲ್ಲಿ ಕೂತು ಇದನ್ನು ಬೇಡ ಅನ್ನುವುದು ಕಷ್ಟ. ಪಾವಗಡ, ಶಿರಾ, ಮಧುಗಿರಿ ಕಡೆ ಮುಂಗಾರಿನಲ್ಲಿ ಬಿತ್ತಿದ ಕಡ್ಲೆಕಾಯಿ ದೀಪಾವಳಿಯ ಆಸುಪಾಸಿಗೆ ಕಿತ್ತು, ಡಿಸೆಂಬರ್ ಹೊತ್ತಿಗೆ ಚೆನ್ನಾಗಿ ಒಣಗಿ ಮಂಡಿಗೆ ಬಂದಿರುತ್ತದೆ. ಹೊಸ ಬೀಜದ ರುಚಿಗೆ ಬಾಟಲಿ ಸಮ ಅಲ್ಲ. ಖರ್ಚು ಬಾಟಲಿಯ ಅರ್ಧವೂ ಆಗುವುದಿಲ್ಲ. ಮಂಡಿಪೇಟೆಯಲ್ಲಿ ಕೊಳ್ಳುವಾಗ ಎರಡು ಬೀಜ ಬಾಯಿಗೆ ಹಾಕಿಕೊಂಡು ನೋಡಿ. ಕಮಟು ಬಂದರೆ ಬೇಡ. ಸುಕ್ಕಾದವು, ಕಪ್ಪಾದವು, ಬೂಸ್ಟು ಹಿಡಿದವು ಇದ್ದರೆ ಆರಿಸಿ ಎಸೆಯಿರಿ. ಬೂಸ್ಟಿನಲ್ಲಿ ಅಫ್ಲಾಟಾಕ್ಸಿನ್ ಎನ್ನುವ ವಿಷ ಇರಬಹುದು, ಹುರಿದರೂ ಅದು ಪೂರ್ತಿ ಹೋಗುವುದಿಲ್ಲ.

ಮಾಡುವ ಕ್ರಮ ಹೀಗೆ. ಕಾಲು ಕೆಜಿ ಬೀಜವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ 12ರಿಂದ 15 ನಿಮಿಷ ಹುರಿಯಿರಿ. ಚಟಪಟ ಸದ್ದು ನಿಲ್ಲುತ್ತಾ ಬರಬೇಕು, ಸಿಪ್ಪೆ ಮುಟ್ಟಿದರೆ ಬಿಡಬೇಕು. ಬಟ್ಟೆಯಲ್ಲಿ ಉಜ್ಜಿ, ಮೊರದಲ್ಲಿ ಕೇರಿ. ಉಗುರು ಬೆಚ್ಚಗೆ ಇರುವಾಗಲೇ ಮಿಕ್ಸಿಗೆ ಹಾಕಿ. ಮೊದಲು ಚಟ್ನಿಪುಡಿ ಆಗುತ್ತದೆ. ಆಮೇಲೆ ಜಾರಿನ ಗೋಡೆಗೆ ಮೆತ್ತಿಕೊಂಡು ಉಂಡೆಯಾಗುತ್ತದೆ. ಇಲ್ಲಿ ಬಹಳ ಜನ ನಿಲ್ಲಿಸಿ ಎಣ್ಣೆ ಹಾಕಿಬಿಡುತ್ತಾರೆ. ಹಾಕಬೇಡಿ. ಕೆರೆದು ಕೆಳಗೆ ತಳ್ಳಿ, ಮಿಕ್ಸಿಗೆ ಎರಡು ನಿಮಿಷ ಉಸಿರಾಡಲು ಬಿಟ್ಟು, ಮತ್ತೆ ತಿರುಗಿಸಿ. ಮೂರನೆಯ ಅಥವಾ ನಾಲ್ಕನೆಯ ಸಲಕ್ಕೆ ಇದ್ದಕ್ಕಿದ್ದ ಹಾಗೆ ಉಂಡೆ ಒಡೆದು ಹೊಳೆಯುವ ಪೇಸ್ಟ್ ಆಗುತ್ತದೆ. ಆ ಕ್ಷಣ ನೋಡಲೇಬೇಕು, ಮಗಳು ಅದಕ್ಕೇ ಕಾಯುತ್ತಿರುತ್ತಾಳೆ.

ಇದರಿಂದ ಮಾಡಿದರೆ ರುಚಿ ಒಂದು ಕೈ ಮೇಲು, ಆಕಾರ ಒಂದು ಕೈ ಕೆಳಗೆ. ಎರಡೂ ಬೇಕೆಂದರೆ ನಾನು ಮಾಡುವುದು ಇಷ್ಟು. ಅರೆದ ಪೇಸ್ಟನ್ನು ರಾತ್ರಿಯೆಲ್ಲ ಬಾಟಲಿಯಲ್ಲಿ ಬಿಡುತ್ತೇನೆ. ಬೆಳಿಗ್ಗೆ ಮೇಲೆ ನಿಂತ ಎಣ್ಣೆಯಲ್ಲಿ ಎರಡು ಚಮಚ ಬಗ್ಗಿಸಿ ತೆಗೆಯುತ್ತೇನೆ (ಚಟ್ನಿಯ ಒಗ್ಗರಣೆಗೆ ಆಗುತ್ತದೆ, ಚೆಲ್ಲಬೇಡಿ). ಹಿಟ್ಟಿಗೆ 20–30 ಗ್ರಾಂ ಮೈದಾ ಜಾಸ್ತಿ ಹಾಕುತ್ತೇನೆ. ಗಂಟೆ, ಹೃದಯ, ದುಂಡು ಆಕಾರಕ್ಕೆ ಇದು ಧಾರಾಳ ಸಾಕು. ಚೂಪು ಮೂಲೆಯ ನಕ್ಷತ್ರ, ಕೊಂಬಿರುವ ಜಿಂಕೆ ಬೇಕೇ ಬೇಕು ಎನ್ನುವವರು ಬಾಟಲಿಯದನ್ನೇ ತನ್ನಿ.

ಬೆಣ್ಣೆ, ತುಪ್ಪ, ಡಾಲ್ಡಾ

ಅಂಗಡಿಯ ಪ್ಯಾಕೆಟ್ ಬೆಣ್ಣೆಯಲ್ಲಿ ಕೊಬ್ಬು ಶೇಕಡಾ 80ರಷ್ಟು ಇರುತ್ತದೆ, ಉಳಿದದ್ದು ಹೆಚ್ಚಾಗಿ ನೀರು. ಪ್ರತಿ ಸಲವೂ ಅಷ್ಟೇ ಇರುತ್ತದೆ ಎನ್ನುವುದೇ ಅದರ ದೊಡ್ಡ ಗುಣ. ಮನೆಯಲ್ಲಿ ಕಡೆದ ಬೆಣ್ಣೆ ರುಚಿ, ಒಪ್ಪುತ್ತೇನೆ. ಆದರೆ ಒಂದು ಸಲ ನೀರು ಜಾಸ್ತಿ, ಒಂದು ಸಲ ಹುಳಿ. ಅದನ್ನು ರೊಟ್ಟಿಗೆ ಇಟ್ಟುಕೊಳ್ಳಿ. ತುಪ್ಪ ಹಾಕಿದರೆ ನಾನ್‌ಖಟಾಯಿ ಆಗುತ್ತದೆ. ಮರಳಿನ ಹಾಗೆ ಕರಗುವ ಸೊಗಸು, ಕತ್ತರಿಸಲು ಹೋದರೆ ಪುಡಿಪುಡಿ. ಡಾಲ್ಡಾದಲ್ಲಿ ಆಕಾರ ಬ್ಲೇಡಿನಲ್ಲಿ ಕೊಯ್ದ ಹಾಗೆ ನಿಲ್ಲುತ್ತದೆ, ಆದರೆ ನಾಲಿಗೆಯ ಮೇಲೆ ಮೇಣ ಸವರಿದ ಹಾಗೆ ಕೂರುತ್ತದೆ. ಕಡ್ಲೆಬೀಜದ ರುಚಿಯೆಲ್ಲ ಅದರಡಿ ಮುಚ್ಚಿಹೋಗುತ್ತದೆ. ಉಪ್ಪಿಲ್ಲದ ಪ್ಯಾಕೆಟ್ ಬೆಣ್ಣೆ ತನ್ನಿ, ಅಷ್ಟೇ.

ಒಂದು ಮಾತು. ಬೆಣ್ಣೆ ಬೆರಳಿಗೆ ಒತ್ತಿದರೆ ತಗ್ಗಬೇಕು, ಕರಗಿ ನೀರಾಗಿರಬಾರದು. ಆತುರಕ್ಕೆ ಒಲೆಯ ಪಕ್ಕ ಇಟ್ಟು ಕರಗಿಸಿದ ವರ್ಷವೂ ನನಗೆ ದಾಸವಾಳವೇ ಬಂದದ್ದು.

ಹಿಟ್ಟು, ಸಕ್ಕರೆ, ಮೊಟ್ಟೆ

ನಾನು ಈಗ ಹಿಡಿದುಕೊಂಡಿರುವ ಅಳತೆ ಇದು. ಬೆಣ್ಣೆ 115 ಗ್ರಾಂ, ಪೀನಟ್ ಬಟರ್ 125 ಗ್ರಾಂ, ಪುಡಿ ಮಾಡಿದ ಸಕ್ಕರೆ 130 ಗ್ರಾಂ, ಒಂದು ಮೊಟ್ಟೆ, ಮೈದಾ 280 ಗ್ರಾಂ, ಬೇಕಿಂಗ್ ಪೌಡರ್ ಕಾಲು ಟೀ ಚಮಚ, ಉಪ್ಪು ಕಾಲು ಟೀ ಚಮಚ, ಒಂದಿಷ್ಟು ವೆನಿಲ್ಲಾ. 6 ಸೆಂಟಿಮೀಟರ್ ಅಗಲದ ಅಚ್ಚಿನಲ್ಲಿ 30–35 ಬರುತ್ತವೆ. ಬೆಣ್ಣೆ, ಪೀನಟ್ ಬಟರ್, ಸಕ್ಕರೆ ಮೂರನ್ನೂ ನಯವಾಗುವಷ್ಟು ಮಾತ್ರ ಕಲಸಿ. ಕೇಕಿಗೆ ಮಾಡುವ ಹಾಗೆ ಬೆಳ್ಳಗಾಗುವವರೆಗೆ ಬಡಿದರೆ ಗಾಳಿ ತುಂಬಿಕೊಂಡು ಓವನ್‌ನಲ್ಲಿ ಉಬ್ಬಿ ಕೂರುತ್ತದೆ. ಮೊಟ್ಟೆ ಸೇರಿಸಿ, ಮೈದಾ ಹಾಕಿ, ಒಟ್ಟಾದ ಕೂಡಲೇ ಕೈ ತೆಗೆಯಿರಿ. ಬೇಕಿಂಗ್ ಪೌಡರ್ ಇನ್ನೂ ಹಾಕೋಣ ಎನ್ನುವ ಆಸೆ ಬರುತ್ತದೆ, ಬೇಡ. ಸೋಡಾ ಅಂತೂ ಬೇಡವೇ ಬೇಡ.

ಮೈದಾ ಬದಲು ಗೋಧಿ ಹಿಟ್ಟು ಹಾಕಬಹುದು. ಗಟ್ಟಿಯಾಗುತ್ತದೆ, ಎರಡನೆಯ ದಿನ ಇನ್ನೂ ಗಟ್ಟಿ. ಅದಕ್ಕಿಂತ ನನಗೆ ಇಷ್ಟವಾದದ್ದು ರಾಗಿ ಹುರಿಹಿಟ್ಟು. 280 ಗ್ರಾಂ ಮೈದಾದಲ್ಲಿ 70 ಗ್ರಾಂ ತೆಗೆದು, ಅಷ್ಟು ಹುರಿಹಿಟ್ಟು ಹಾಕಿ ನೋಡಿ. ಹುರಿದ ರಾಗಿಯ ಘಮ, ಹುರಿದ ಕಡ್ಲೆಬೀಜದ ಘಮ ಅಕ್ಕತಂಗಿಯರ ಹಾಗೆ ಹೊಂದಿಕೊಳ್ಳುತ್ತವೆ. ಬಣ್ಣ ಗಾಢ ಕಂದು ಬರುವುದರಿಂದ ಮೇಲೆ ಬಿಳಿ ಐಸಿಂಗ್ ಎದ್ದು ಕಾಣುತ್ತದೆ. ಕಾಲು ಭಾಗಕ್ಕಿಂತ ಜಾಸ್ತಿ ಮಾತ್ರ ಹೋಗಬೇಡಿ. ರಾಗಿಯಲ್ಲಿ ಅಂಟು ಇಲ್ಲ, ಕಡ್ಲೆಬೀಜಕ್ಕೂ ಅಂಟು ಇಲ್ಲ. ಹಿಡಿದುಕೊಳ್ಳುವವರು ಯಾರೂ ಇಲ್ಲದಿದ್ದರೆ ಜಿಂಕೆಯ ಕಾಲು ತಟ್ಟೆಯಲ್ಲೇ ಉಳಿಯುತ್ತದೆ.

ಸಕ್ಕರೆಯನ್ನು ಹರಳಾಗಿ ಹಾಕಬಾರದು. ಹರಳು ಓವನ್‌ನಲ್ಲಿ ಕರಗಿ ಹರಡುತ್ತದೆ, ಮೇಲೆ ಬಿರುಕೂ ಬಿಡುತ್ತದೆ. ಪುಡಿ ಸಕ್ಕರೆಯಲ್ಲಿ ಅಂಚು ನಿಲ್ಲುತ್ತದೆ. ಬೆಲ್ಲ? ರುಚಿಗೆ ನೂರಕ್ಕೆ ನೂರು, ನಮ್ಮ ಚಿಕ್ಕಿ ನೆನಪಾಗುತ್ತದೆ. ಆದರೆ ಬೆಲ್ಲದ ತೇವ ಹಿಟ್ಟನ್ನು ಮೆತ್ತಗೆ ಮಾಡುತ್ತದೆ. ಅರ್ಧ ಸಕ್ಕರೆ, ಅರ್ಧ ಒಣ ಬೆಲ್ಲದ ಪುಡಿ ಎನ್ನುವುದು ನಾನು ಒಪ್ಪಿಕೊಂಡ ರಾಜಿ, ಅದೂ ದುಂಡು ಆಕಾರಕ್ಕೆ.

ಮೊಟ್ಟೆ ಹಿಡಿತ ಕೊಡುತ್ತದೆ. ಬೇಡ ಎನ್ನುವ ಮನೆಗಳೂ ನಮ್ಮ ಬೀದಿಯಲ್ಲಿ ಇವೆ, ನಮ್ಮ ಅತ್ತೆಯೂ ಮುಟ್ಟುವುದಿಲ್ಲ. ಅವರಿಗೆ ಬೇರೆ ಬಟ್ಟಲಲ್ಲಿ ಮೊಟ್ಟೆಗೆ ಬದಲು ಮೂರು ದೊಡ್ಡ ಚಮಚ ಹಾಲು ಹಾಕಿ ಕಲಸುತ್ತೇನೆ. ಲಟ್ಟಿಸುವಾಗ ಅಂಚು ನಿಪ್ಪಟ್ಟಿನ ಹಾಗೆ ಸೀಳುತ್ತದೆ, ಬೆರಳಲ್ಲಿ ಒತ್ತಿ ಕೂಡಿಸಿಕೊಂಡು ಹೋಗಬೇಕು. ಗರಿಗರಿ ಮಾತ್ರ ಇದರಲ್ಲೇ ಜಾಸ್ತಿ.

ಲಟ್ಟಿಸಿ ತಣ್ಣಗೆ ಮಾಡುವುದೋ, ತಣ್ಣಗೆ ಮಾಡಿ ಲಟ್ಟಿಸುವುದೋ

ಹೆಚ್ಚಿನವರು ಹಿಟ್ಟು ಕಲಸಿ, ಉಂಡೆ ಮಾಡಿ, ಒಂದು ಗಂಟೆ ಫ್ರಿಜ್‌ನಲ್ಲಿಟ್ಟು ಆಮೇಲೆ ಲಟ್ಟಿಸಿ ಎನ್ನುತ್ತಾರೆ. ಪೀನಟ್ ಬಟರ್ ಹಿಟ್ಟಿಗೆ ಇದು ತಲೆಕೆಳಗು. ತಣ್ಣಗಾದ ಉಂಡೆ ಕಲ್ಲಾಗಿರುತ್ತದೆ. ಲಟ್ಟಣಿಗೆ ಇಟ್ಟರೆ ಒಡೆದು ನಕ್ಷೆಯ ಹಾಗೆ ಬಿರುಕು ಬಿಡುತ್ತದೆ. ನೀವು ಮೆತ್ತಗಾಗಲಿ ಎಂದು ಕಾಯುತ್ತೀರಿ, ಅಷ್ಟರಲ್ಲಿ ಫ್ರಿಜ್‌ನಲ್ಲಿ ಇಟ್ಟದ್ದು ದಂಡ. ಬದಲಿಗೆ ಕಲಸಿದ ಕೂಡಲೇ, ಮೆತ್ತಗಿರುವಾಗಲೇ ಲಟ್ಟಿಸಿ. ಆ ಹಾಳೆಯನ್ನು ತಟ್ಟೆ ಸಮೇತ ಅರ್ಧ ಗಂಟೆ ಫ್ರಿಜ್‌ಗೆ ಇಡಿ. ಗಟ್ಟಿಯಾದ ಮೇಲೆ ಅಚ್ಚು ಒತ್ತಿ. ಅಂಚು ಚೂಪಾಗಿ ಬಿಡಿಸಿಕೊಂಡು ಬರುತ್ತದೆ.

ಲಟ್ಟಿಸುವುದಕ್ಕೆ ಮಣೆಯ ಮೇಲೆ ಮೈದಾ ಉದುರಿಸುವುದು ಒಂದು ಕ್ರಮ. ಹಿಟ್ಟು ಆ ಮೈದಾವನ್ನೆಲ್ಲ ಕುಡಿದು ಒಣಗುತ್ತದೆ. ನಾನು ಹೋಳಿಗೆಯ ಬುದ್ಧಿ ಉಪಯೋಗಿಸುತ್ತೇನೆ. ಒಂದು ಲೀಟರ್ ಹಾಲಿನ ಕವರ್ ಎರಡನ್ನು ಸೋಪಿನಲ್ಲಿ ತೊಳೆದು, ಒರೆಸಿ, ಬಿಡಿಸಿ ಹಾಳೆ ಮಾಡಿಕೊಳ್ಳುವುದು. ನಡುವೆ ಹಿಟ್ಟು ಇಟ್ಟು ಲಟ್ಟಿಸಿದರೆ ಮೈದಾ ಬೇಡ, ಅಂಟುವುದೂ ಇಲ್ಲ. ದಪ್ಪ ಒಂದೇ ಸಮ ಬರಲು ಎರಡೂ ಪಕ್ಕ ಒಂದೊಂದು ಪೆನ್ಸಿಲ್ ಇಟ್ಟು ಅದರ ಮೇಲೆ ಲಟ್ಟಣಿಗೆ ಉರುಳಿಸಿ. ಪೆನ್ಸಿಲ್ ದಪ್ಪ, ಅಂದರೆ ಆರೇಳು ಮಿಲಿಮೀಟರ್, ಈ ಹಿಟ್ಟಿಗೆ ಸರಿಯಾದ ಅಳತೆ. ಅದಕ್ಕಿಂತ ತೆಳು ಮಾಡಿದರೆ ಎತ್ತುವಾಗಲೇ ಮುರಿಯುತ್ತದೆ. ಡಿಸೆಂಬರ್ ಚಳಿ ಇದೆಯಲ್ಲ, ಫ್ರಿಜ್ ಯಾಕೆ ಎಂದು ಕೇಳಬಹುದು. ತುಮಕೂರಿನ ಚಳಿ ನಮಗೆ ಸ್ವೆಟರ್ ಹಾಕಿಸುವಷ್ಟೇ, ಬೆಣ್ಣೆ ಗಟ್ಟಿ ಮಾಡುವಷ್ಟಿಲ್ಲ.

ಅಚ್ಚಿನ ಮಾತಿಗೆ ಬಂದರೆ, ತೆಳು ಅಂಚಿನ ಸ್ಟೀಲ್ ಕಟರ್ ಒಳ್ಳೆಯದು. ಪ್ಲಾಸ್ಟಿಕ್ಕಿನದು ಮೊಂಡು. ಲೋಟದ ಬಾಯಿ ದುಂಡಗೆ ಮಡಚಿರುವುದರಿಂದ ಕತ್ತರಿಸುವ ಬದಲು ಜಜ್ಜುತ್ತದೆ. ಕಟರ್ ಇಲ್ಲದವರು ಶಂಕರಪೋಳಿ ಕತ್ತರಿಸುವ ಚಕ್ರದಲ್ಲಿ ಚಚ್ಚೌಕ, ತ್ರಿಕೋನ ಮಾಡಿಕೊಳ್ಳಿ. ತ್ರಿಕೋನಕ್ಕೆ ಹಸಿರು ಐಸಿಂಗ್ ಎಳೆದರೆ ಕ್ರಿಸ್‌ಮಸ್ ಮರ. ಒಂದು ವರ್ಷ ಸಂಕ್ರಾಂತಿಯ ಸಕ್ಕರೆ ಅಚ್ಚಿನ ಮರದ ಅಚ್ಚನ್ನೂ ಹಿಟ್ಟಿಗೆ ಒತ್ತಿ ನೋಡಿದೆ. ಗೆರೆಗಳ ಸಂದಿಯಲ್ಲಿ ಹಿಟ್ಟು ಸಿಕ್ಕಿಕೊಂಡು, ಹಲ್ಲುಕಡ್ಡಿಯಲ್ಲಿ ಕೀಳುತ್ತಾ ಕೂತಿದ್ದೆ. ಆ ಗಿಣಿ, ಆನೆ ಸಂಕ್ರಾಂತಿಗೇ ಇರಲಿ.

ಓಟಿಜಿ, ಕುಕ್ಕರ್, ಬೇಕರಿ ಭಟ್ಟಿ

ಓಟಿಜಿ ಇದ್ದರೆ ಯೋಚನೆ ಬೇಡ. ಮೇಲಿನ, ಕೆಳಗಿನ ಎರಡೂ ಬಿಸಿ ಕಡ್ಡಿ ಹಾಕಿ, 170 ಡಿಗ್ರಿಗೆ ಕಾಲು ಗಂಟೆ ಮೊದಲೇ ಬಿಸಿ ಮಾಡಿ. ನಡುವಿನ ಕಂಬಿಯಲ್ಲಿ 11–13 ನಿಮಿಷ. ಅಂಚು ಸ್ವಲ್ಪ ಕೆಂಪಾಗಿ ನಡು ಇನ್ನೂ ಮೆತ್ತಗೆ ಇರುವಾಗಲೇ ತೆಗೆಯಬೇಕು. ಬೆಂದಿಲ್ಲ ಅನಿಸುತ್ತದೆ, ಬೆಂದಿರುತ್ತದೆ. ಹತ್ತು ನಿಮಿಷ ತಟ್ಟೆಯಲ್ಲೇ ಬಿಟ್ಟರೆ ಗಟ್ಟಿಯಾಗುತ್ತದೆ. ಬಿಸಿಯಲ್ಲಿ ಎತ್ತಿದರೆ ಮುರಿಯುತ್ತದೆ. ಕನ್ವೆಕ್ಷನ್ ಇರುವ ಮೈಕ್ರೋವೇವ್ ಕೂಡ ಇದೇ ಲೆಕ್ಕ, 10 ಡಿಗ್ರಿ ಕಡಿಮೆ ಇಡಿ. ಬರೀ ಮೈಕ್ರೋವೇವ್‌ನಲ್ಲಿ ಆಗುವುದಿಲ್ಲ. ತಟ್ಟೆಗೆ ಹಾಸುವ ಕಾಗದ ಓವನ್‌ಗೆ ಆಗುವುದೇ ಎಂದು ಕೇಳಿ ತನ್ನಿ. ಬಟರ್ ಪೇಪರ್ ಎಂದು ಕೊಡುವ ತೆಳು ಕಾಗದಗಳಲ್ಲಿ ಕೆಲವು ಬಿಸಿಗೆ ಅಂಟಿಕೊಂಡು ಕುಕೀಸಿನ ತಳದಲ್ಲೇ ಉಳಿದುಬಿಡುತ್ತವೆ.

ಕುಕ್ಕರ್‌ನಲ್ಲೂ ಆಗುತ್ತದೆ, ತಾಳ್ಮೆ ಇದ್ದರೆ. ಗ್ಯಾಸ್ಕೆಟ್, ವೆಯಿಟ್ ತೆಗೆದು, ನೀರು ಹಾಕದೆ, ತಳಕ್ಕೆ ಎರಡು ಲೋಟ ಉಪ್ಪು ಹರಡಿ, ಸ್ಟ್ಯಾಂಡ್ ಇಟ್ಟು ಹತ್ತು ನಿಮಿಷ ಕಾಯಿಸಿ. ತಟ್ಟೆಯಲ್ಲಿ ಐದಾರು ಇಟ್ಟು ಸಣ್ಣ ಉರಿಯಲ್ಲಿ 15–18 ನಿಮಿಷ. ತಳ ಕೆಂಪಾಗುತ್ತದೆ, ಮೇಲೆ ಬಿಳಿಚಿಕೊಂಡೇ ಇರುತ್ತದೆ. ಐಸಿಂಗ್ ಹಾಕುವವರಿಗೆ ಅದು ದೊಡ್ಡ ವಿಷಯ ಅಲ್ಲ, ಹೇಗೂ ಮುಚ್ಚಿಹೋಗುತ್ತದೆ. ಆದರೆ ಲೆಕ್ಕ ಹಾಕಿ. 32 ಕುಕೀಸ್‌ಗೆ ಆರು ಸರದಿ, ಹತ್ತಿರ ಹತ್ತಿರ ಎರಡು ಗಂಟೆ ಗ್ಯಾಸ್. ದಿನಾ ಅನ್ನ ಮಾಡುವ ಕುಕ್ಕರ್‌ಗೂ ಖಾಲಿ ಕಾಯುವುದು ಒಳ್ಳೆಯದಲ್ಲ. ಹಳೆಯ ದಪ್ಪ ಬಾಣಲೆಗೆ ಬಿಗಿಯಾದ ಮುಚ್ಚಳ ಇದ್ದರೆ ಅದನ್ನೇ ಬಳಸಿ.

ಮೂರನೆಯದು ಬೇಕರಿ. ಕೆಜಿಎಫ್‌ನಲ್ಲಿ ಕ್ರಿಸ್‌ಮಸ್ ವಾರ ಕೇಕಿನ ಹಿಟ್ಟು ಮನೆಯಲ್ಲೇ ಕಲಸಿ ಟಿನ್‌ಗಳಲ್ಲಿ ಬೇಕರಿಗೆ ಹೊತ್ತುಕೊಂಡು ಹೋಗುತ್ತಿದ್ದುದನ್ನು ಆಂಟಿ ಇಂದಿಗೂ ಹೇಳುತ್ತಾರೆ. ಅದನ್ನು ಕೇಳಿ ನಾನೂ ಒಂದು ವರ್ಷ ಎರಡು ತಟ್ಟೆ ಕತ್ತರಿಸಿ ಒಂದು ಬೇಕರಿಗೆ ಕೊಟ್ಟೆ. ಬನ್ನಿನ ಬಿಸಿಗೆ ಭಟ್ಟಿ ಕಾದಿತ್ತು. ಐದು ನಿಮಿಷದಲ್ಲಿ ಒಂದು ತಟ್ಟೆ ಕಪ್ಪು. ತಪ್ಪು ಅವರದಷ್ಟೇ ಅಲ್ಲ, ಯಾವಾಗ ಹಾಕಬೇಕು ಎಂದು ನಾನೂ ಕೇಳಲಿಲ್ಲ. ಬನ್ನು, ಬ್ರೆಡ್ಡು ತೆಗೆದು ಭಟ್ಟಿ ಇಳಿದ ಮೇಲೆ ಇಡಲು ಹೇಳಿದರೆ 60–70 ಕುಕೀಸ್ ಒಂದೇ ಸಲ ಬೇಯುತ್ತವೆ. ಚರ್ಚಿಗೆ, ಶಾಲೆಗೆ ಹಂಚುವವರಿಗೆ ಇದೇ ವಾಸಿ. ಪಕ್ಕದಲ್ಲೇ ನಿಂತಿರಿ.

ಮೇಲೆ ಏನು ಹಾಕುವುದು

ಮಗಳಿಗೆ ಹಬ್ಬ ಶುರುವಾಗುವುದು ಇಲ್ಲಿಂದ. ಎಣ್ಣೆಯ ಕತೆ ಇಲ್ಲೂ ಬಿಡುವುದಿಲ್ಲ.

ಅಂಗಡಿ ಕುಕೀಸ್‌ನಂತೆ ಗಟ್ಟಿಯಾಗಿ, ಹೊಳಪಿಲ್ಲದೆ ಒಣಗುವುದು ರಾಯಲ್ ಐಸಿಂಗ್. ಒಂದು ಮೊಟ್ಟೆಯ ಬಿಳಿಗೆ 200 ಗ್ರಾಂ ಐಸಿಂಗ್ ಶುಗರ್, ಅರ್ಧ ಚಮಚ ನಿಂಬೆರಸ. ಗಟ್ಟಿಯಾಗಿ ಇಟ್ಟರೆ ಗೆರೆ ಎಳೆಯಬಹುದು. ನಾಲ್ಕು ಹನಿ ನೀರು ಬೆರೆಸಿದರೆ ಗೆರೆಯ ಒಳಗೆ ತುಂಬಿಸಬಹುದು. ಚಮಚದಿಂದ ಸುರಿದ ಎಳೆ ಹತ್ತು ಎಣಿಸುವಷ್ಟರಲ್ಲಿ ಮಟ್ಟವಾಗಿ ಮಾಯ ಆಗಬೇಕು, ಅದೇ ಗುರುತು. ಮೆಹಂದಿ ಕೋನ್ ಸುತ್ತಲು ಬರುವವರಿಗೆ ಬೇರೆ ಪಾಠ ಬೇಡ. ಕೈ ಅದೇ, ಒತ್ತಡ ಅದೇ. ರಂಗೋಲಿ ಹಾಕಿ ಪಳಗಿದ ನಮ್ಮ ಅತ್ತೆ ಕೋನ್ ಹಿಡಿದ ಮೊದಲ ದಿನವೇ ಗಂಟೆಯ ಮೇಲೆ ಎಳೆ ರಂಗೋಲಿ ಬಿಟ್ಟರು, ಚುಕ್ಕಿ ಸಮೇತ. ಅವರಿಗೆಂದು ಹಾಲು ಸಕ್ಕರೆಯದೇ ಬೇರೆ ಕೋನ್ ತುಂಬಿಕೊಟ್ಟಿದ್ದೆ. ರಾಯಲ್ ಐಸಿಂಗ್‌ನಲ್ಲಿ ಮೊಟ್ಟೆ ಹಸಿಯಾಗಿ ಇರುತ್ತದೆ. ಚಿಕ್ಕ ಮಕ್ಕಳು, ಬಸುರಿಯರು ಇರುವ ಮನೆಗೆ ನಾನು ಅದನ್ನು ಕೊಡುವುದಿಲ್ಲ. ಹಸಿ ಮೊಟ್ಟೆಗೆ ಬದಲು ಹಾಕುವ ಮೆರಿಂಗ್ ಪೌಡರ್ (ಒಣಗಿಸಿದ ಮೊಟ್ಟೆಯ ಬಿಳಿಯ ಪುಡಿ) ಆನ್‌ಲೈನ್‌ನಲ್ಲಿ ಸಿಗುತ್ತದೆ, ದುಬಾರಿ.

ಹಾಲು ಸಕ್ಕರೆಯ ಐಸಿಂಗ್ ಸುಲಭ. 150 ಗ್ರಾಂ ಐಸಿಂಗ್ ಶುಗರ್‌ಗೆ ಐದಾರು ಟೀ ಚಮಚ ಹಾಲು. ಹೊಳಪು ಬರುತ್ತದೆ, ಮೆತ್ತಗೆ ಕೂರುತ್ತದೆ, ರಾತ್ರಿಯೆಲ್ಲ ಬಿಟ್ಟರೂ ಒತ್ತಿದರೆ ಗುರುತು ಬೀಳುತ್ತದೆ. ಒಂದರ ಮೇಲೊಂದು ಜೋಡಿಸಲು ಆಗುವುದಿಲ್ಲ. ಸಕ್ಕರೆಯನ್ನು ಮನೆಯಲ್ಲೇ ಪುಡಿ ಮಾಡಿಕೊಳ್ಳಬಹುದಲ್ಲ ಎಂದರೆ, ಬಟ್ಟೆಯಲ್ಲಿ ಜರಡಿ ಹಿಡಿದರೂ ಕಣ ಉಳಿದು ಕೋನ್‌ನ ಬಾಯಿ ಕಟ್ಟುತ್ತದೆ. ಹಿಟ್ಟಿಗೆ ಮನೆ ಪುಡಿ ಸಾಕು, ಐಸಿಂಗ್‌ಗೆ ಪ್ಯಾಕೆಟ್ ತನ್ನಿ.

ಎರಡಕ್ಕೂ ಒಂದು ಶತ್ರು ಇದೆ. ಬಿಳಿ ಐಸಿಂಗ್ ಮೇಲೆ ಎರಡನೆಯ ದಿನ ಹಳದಿ ಮಚ್ಚೆ ಏಳುತ್ತದೆ. ಕಡ್ಲೆಬೀಜದ ಎಣ್ಣೆ ಕೆಳಗಿನಿಂದ ಹೀರಿ ಮೇಲೆ ಬಂದಿರುತ್ತದೆ. ಮಿಕ್ಸಿಯಲ್ಲಿ ಅರೆದದ್ದಾದರೆ ಗ್ಯಾರಂಟಿ. ಕುಕೀಸನ್ನು ರಾತ್ರಿಯೆಲ್ಲ ಆರಲು ಬಿಟ್ಟು, ಮೇಲ್ಮೈಯನ್ನು ಟಿಶ್ಯೂನಲ್ಲಿ ಮೆಲ್ಲಗೆ ಒತ್ತಿ, ಐಸಿಂಗನ್ನು ಸ್ವಲ್ಪ ದಪ್ಪ ಕಲಸಿದರೆ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ. ಅದಕ್ಕೇ ನಾನು ಈಗ ಇಡೀ ಮೈ ಮುಚ್ಚುವುದಿಲ್ಲ. ಬರೀ ಅಂಚಿಗೆ ಒಂದು ಗೆರೆ, ನಡುವೆ ನಾಲ್ಕು ಚುಕ್ಕಿ. ಮಚ್ಚೆ ಕಾಣಲು ಜಾಗವೇ ಇಲ್ಲ.

ರುಚಿ ಮುಖ್ಯ ಎನ್ನುವವರಿಗೆ ಚಾಕಲೇಟ್. ಕಡ್ಲೆಬೀಜಕ್ಕೆ ಸಕ್ಕರೆಗಿಂತ ಚಾಕಲೇಟ್ ಹೊಂದುತ್ತದೆ. ಎಣ್ಣೆ ಬಿಟ್ಟರೂ ಕಾಣುವುದಿಲ್ಲ. ಕಾಂಪೌಂಡ್ ಚಾಕಲೇಟ್ (ಕೋಕೋ ಬೆಣ್ಣೆಯ ಬದಲು ಬೇರೆ ಕೊಬ್ಬು ಹಾಕಿದ್ದು) ತಂದು, ಬಿಸಿನೀರಿನ ಪಾತ್ರೆಯ ಮೇಲೆ ಬಟ್ಟಲಿಟ್ಟು ಕರಗಿಸಿ, ನಕ್ಷತ್ರದ ಅರ್ಧ ಅದ್ದಿ. ಒಂದು ಹನಿ ನೀರು ಬಿದ್ದರೂ ಚಾಕಲೇಟ್ ಗಂಟುಗಂಟಾಗುತ್ತದೆ, ಜೋಪಾನ. ದುಬಾರಿ ಕೋಕೋ ಬೆಣ್ಣೆಯ ಚಾಕಲೇಟ್ ಇನ್ನೂ ರುಚಿ, ಆದರೆ ಅದನ್ನು ಹದ ನೋಡಿ ಬಿಸಿ ತಣ್ಣಗೆ ಮಾಡದಿದ್ದರೆ ಆರಿದ ಮೇಲೆ ಬಿಳಿ ಗೀಟು ಬೀಳುತ್ತದೆ. ಹಬ್ಬದ ಹಿಂದಿನ ದಿನ ಆ ಸಾಹಸ ಬೇಡ.

ಅಂಗಡಿಯ ಬಣ್ಣದ ಸ್ಪ್ರಿಂಕಲ್ಸ್ ಬಿಟ್ಟು ನೋಡಿದರೆ ನಮ್ಮಲ್ಲೇ ಚೆಂದದ ಸಾಮಾನು ಇದೆ. ತಿಪಟೂರಿನ ಒಣ ಕೊಬ್ಬರಿಯ ಕಪ್ಪು ಸಿಪ್ಪೆ ಹೆರೆದು, ಸಣ್ಣ ತುರಿ ಮಾಡಿ ಹಸಿ ಐಸಿಂಗ್ ಮೇಲೆ ಉದುರಿಸಿ. ಮರದ ಮೇಲೆ ಹಿಮ ಬಿದ್ದ ಹಾಗೆಯೇ ಇರುತ್ತದೆ, ಮತ್ತೆ ತಿನ್ನಲೂ ಚೆನ್ನ. ಬಿಳಿ ಎಳ್ಳು, ಜೀರಿಗೆ ಪೆಪ್ಪರ್‌ಮಿಂಟು, ಸಣ್ಣಗೆ ಹೆಚ್ಚಿದ ಟೂಟಿ ಫ್ರೂಟಿ. ಐಸಿಂಗ್ ಹಸಿಯಿರುವಾಗಲೇ ಹಾಕಬೇಕು, ಒಣಗಿದರೆ ಕೂರುವುದಿಲ್ಲ.

ಡಬ್ಬಿಗೆ ಹಾಕುವ ಮುನ್ನ

ನನ್ನ ಲೆಕ್ಕದಲ್ಲಿ ಡಿಸೆಂಬರ್ 21ಕ್ಕೆ ಹಿಟ್ಟು, 22ಕ್ಕೆ ಬೇಯಿಸುವುದು, 23ಕ್ಕೆ ಅಲಂಕಾರ, 24ರ ಸಂಜೆ ಡಬ್ಬಿ ಆಚೆ ಮನೆಗೆ. ಕತ್ತರಿಸಿದ ಹಿಟ್ಟು ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ, ಬೇಯಿಸುವ ಹೊತ್ತಿಗೆ ಸ್ವಲ್ಪ ಹೊತ್ತು ಕರೆಂಟ್ ಹೋದರೂ ಗಾಬರಿ ಬೇಡ. ಬೆಂದದ್ದು ಬಿಗಿ ಡಬ್ಬಿಯಲ್ಲಿ ಹತ್ತು ದಿನ ಚೆನ್ನಾಗಿರುತ್ತದೆ. ಐಸಿಂಗ್ ಹಾಕಿದ್ದನ್ನು ಐದಾರು ದಿನದಲ್ಲಿ ಮುಗಿಸಿ. ಫ್ರಿಜ್‌ಗೆ ಇಡಬೇಡಿ, ತೇವ ಹಿಡಿದು ಬಣ್ಣ ಹರಿಯುತ್ತದೆ.

ಕೊಡುವ ಮುಂಚೆ ಒಂದು ಮಾತು ಕೇಳಿ. ಮನೆಯಲ್ಲಿ ಯಾರಿಗಾದರೂ ಕಡ್ಲೆಬೀಜ ಆಗಿಬರುವುದಿಲ್ಲವೇ? ಅಲರ್ಜಿ ಇದ್ದವರಿಗೆ ಒಂದು ತುಂಡೂ ಅಪಾಯ. ಮೇಲೆ ಚಾಕಲೇಟ್ ಹಾಕಿದ ಕುಕೀಸ್‌ನೊಳಗೆ ಕಡ್ಲೆಬೀಜ ಇದೆ ಎಂದು ನೋಡಿದರೆ ಗೊತ್ತಾಗುವುದಿಲ್ಲ. ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿ, ಕಡ್ಲೆಬೀಜ ಇದೆ, ಮೊಟ್ಟೆ ಇದೆ ಅಥವಾ ಇಲ್ಲ ಎಂದು ಬರೆಯಿರಿ.

ಅಚ್ಚು ಒತ್ತಿದ ಮೇಲೆ ಉಳಿಯುವ ಚೂರುಗಳನ್ನು ಒಟ್ಟು ಮಾಡಿ ಒಂದು ಸಲ ಲಟ್ಟಿಸಬಹುದು. ಎರಡನೆಯ ಸಲಕ್ಕೆ ಗಟ್ಟಿಯಾಗುತ್ತದೆ. ಅದನ್ನು ಗೋಲಿ ಗಾತ್ರದ ಉಂಡೆ ಮಾಡಿ ಫೋರ್ಕ್‌ನಲ್ಲಿ ಒತ್ತಿ, ಕೊನೆಯ ತಟ್ಟೆಗೆ ಇಡಿ. ನಮ್ಮ ಮನೆಯಲ್ಲಿ ಸಂಜೆ ಕಾಫಿಗೆ ಅದೇ. ಆಂಟಿಯ ಸ್ಟೀಲ್ ಡಬ್ಬಿಗೆ 6 ಸೆಂಟಿಮೀಟರ್ ನಕ್ಷತ್ರ ಒಂದು ಸಾಲಿಗೆ ಏಳು ಹಿಡಿಸುತ್ತವೆ, ನಡುವೆ ಕಾಗದ ಹಾಕಿ ನಾಲ್ಕು ಸಾಲು. ಮೊಟ್ಟೆಯ ಬಿಳಿ ಹಾಕಿದ ಗಟ್ಟಿ ಐಸಿಂಗ್‌ನವು ತಳದ ಸಾಲಿಗೆ, ಕೊಬ್ಬರಿ ಉದುರಿಸಿದವು ಎಲ್ಲಕ್ಕಿಂತ ಮೇಲೆ.